ಏಳು ವೈರಿಗಳು, ಎರಡು ಪ್ರಾಣ: ‘ಸ್ಕಾಟ್ ಪಿಲ್ಗ್ರಿಮ್’ ಚಲನಚಿತ್ರದ ಕಥನವಿಧಾನ

ಜಾನಪದ ಅಧ್ಯಯನವು ಚಲನಚಿತ್ರವನ್ನು ಕುರಿತು ಮಾತನಾಡುವಾಗ ಸಾಮಾನ್ಯವಾಗಿ ಎತ್ತಿಕೊಳ್ಳುವುದು ಅದರ ವಸ್ತುವನ್ನು. ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ.ಎಸ್. ನಾಗಾಭರಣ ಅವರು ನಿರ್ದೇಶಿಸಿದ ‘ನಾಗಮಂಡಲ’ (೧೯೯೭) ಜನಪದ ಕಥೆಯನ್ನು ತೆರೆಗೆ ತಂದಿತು. ರಿಷಬ್ ಶೆಟ್ಟಿಯವರ ‘ಕಾಂತಾರ’ (೨೦೨೨) ಭೂತಾರಾಧನೆಯನ್ನು ಬಳಸಿಕೊಂಡಿತು. ಇಂಥ ಕೃತಿಗಳ ಬಗ್ಗೆ ಬರೆಯುವವರಿಗೆ ದಾರಿ ನೇರವಾಗಿದೆ. ಕಥೆ ಎಲ್ಲಿಂದ ಬಂದಿತು, ಆಚರಣೆಯ ಯಾವ ಭಾಗ ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬ ಪ್ರಶ್ನೆಗಳನ್ನು ಕೇಳಿಕೊಂಡರೆ ಲೇಖನದ ಅರ್ಧ ಕೆಲಸ ಮುಗಿಯುತ್ತದೆ. ಆದರೆ ವಸ್ತುವಿನಲ್ಲಿ ಜಾನಪದದ ಸೋಂಕೇ ಇಲ್ಲದೆ, ನಡಿಗೆಯಲ್ಲಿ ಮಾತ್ರ ಮೌಖಿಕ ಕಥನವನ್ನು ಹೋಲುವ ಕೃತಿ ಎದುರಾದಾಗ ಈ ಪ್ರಶ್ನೆಗಳು ನೆರವಿಗೆ ಬರುವುದಿಲ್ಲ. ಬ್ರಿಟಿಷ್ ನಿರ್ದೇಶಕ ಎಡ್ಗರ್ ರೈಟ್ ಅವರ ‘ಸ್ಕಾಟ್ ಪಿಲ್ಗ್ರಿಮ್ ವರ್ಸಸ್ ದಿ ವರ್ಲ್ಡ್’ (೨೦೧೦) ಅಂಥದೊಂದು ಕೃತಿ.

ಕೆನಡಾದ ಬ್ರಯಾನ್ ಲೀ ಓಮ್ಯಾಲಿ ೨೦೦೪ರಿಂದ ೨೦೧೦ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ಚಿತ್ರಕಾದಂಬರಿ ಇದಕ್ಕೆ ಆಧಾರ. ಸುಮಾರು ೬ ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ೫ ಕೋಟಿಯನ್ನೂ ಮುಟ್ಟಲಿಲ್ಲ. ಆದರೂ ಅನಂತರದ ವರ್ಷಗಳಲ್ಲಿ ಅದಕ್ಕೆ ನಿಷ್ಠಾವಂತ ಪ್ರೇಕ್ಷಕವರ್ಗವೊಂದು ಹುಟ್ಟಿಕೊಂಡಿತು. ವಿಡಿಯೋ ಆಟಗಳಿಂದ ಪ್ರೇರಣೆ ಪಡೆದ ಚಿತ್ರಗಳ ಮಾತು ಬಂದಾಗಲೆಲ್ಲ ಇದರ ಹೆಸರು ಮುಂದಾಗಿ ಬರುತ್ತದೆ. ಯಾವುದೇ ಒಂದು ಆಟದ ಕಥೆಯನ್ನು ಇದು ಚಿತ್ರವಾಗಿಸಿಲ್ಲ. ಆಟಗಳ ವ್ಯಾಕರಣವನ್ನು ತೆಗೆದುಕೊಂಡು ಸಾಧಾರಣ ಪ್ರೇಮಪ್ರಕರಣವೊಂದನ್ನು ಹೇಳಿದೆ. ಅದರ ವಿಶೇಷವಿರುವುದು ಇಲ್ಲಿ.

ಘಟ್ಟದ ಮೇಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಶೆಟ್ಟಿಕೊಪ್ಪದಂಥ ಊರಿನಲ್ಲಿ ಯಕ್ಷಗಾನ ಬಯಲಾಟವನ್ನು ನೋಡಿ ಬೆಳೆದ ಪ್ರೇಕ್ಷಕನೊಬ್ಬನ ಮುಂದೆ ಈ ಚಿತ್ರವನ್ನು ಇಟ್ಟರೆ ಅವನಿಗೆ ಯಾವುದು ಪರಿಚಿತವೆನಿಸೀತು, ಯಾವುದು ಹೊರಗಿನದೆನಿಸೀತು? ಈ ಪ್ರಶ್ನೆ ಕೇವಲ ಊಹೆಯ ವಿನೋದವಲ್ಲ. ಕರಾವಳಿಯ ಮೇಳಗಳು ಘಟ್ಟ ಹತ್ತಿ ಬಂದು ಹರಕೆಯಾಟ ಆಡುವ ಈ ಸೀಮೆಯ ಮನೆಗಳಲ್ಲೇ, ತೊಂಬತ್ತರ ದಶಕದಿಂದೀಚೆಗೆ, ಟಿ.ವಿ.ಗೆ ಜೋಡಿಸುವ ಕ್ಯಾಸೆಟ್ ಆಟಗಳಲ್ಲಿ ಮಾರಿಯೋನನ್ನು ಓಡಿಸಿದ, ಈಗ ಮೊಬೈಲಿನಲ್ಲಿ ಆಟದ ‘ಲೆವೆಲ್’ಗಳನ್ನು ದಾಟುವ ಮಕ್ಕಳೂ ಬೆಳೆದಿದ್ದಾರೆ. ಎರಡು ಬಗೆಯ ಕಥನಗಳು ಒಂದೇ ಮನೆಯ ಜಗಲಿಯಲ್ಲಿ ಇವೆ. ಅವುಗಳ ನಡುವಿನ ಸಂಬಂಧವನ್ನು ವಿಚಾರಿಸುವುದಕ್ಕೆ ಈ ಚಿತ್ರ ಒಳ್ಳೆಯ ನೆಪ.

ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸ್ಕಾಟ್ ಪಿಲ್ಗ್ರಿಮ್ ಟೊರಾಂಟೊ ನಗರದ ೨೨ರ ತರುಣ, ಕೆಲಸವಿಲ್ಲದವನು, ಸಣ್ಣ ವಾದ್ಯವೃಂದವೊಂದರಲ್ಲಿ ಬೇಸ್ ಗಿಟಾರ್ ನುಡಿಸುವವನು. ವೃಂದದ ಹೆಸರಿನಲ್ಲಿಯೇ ಮಾರಿಯೋ ಆಟದ ನಡೆದಾಡುವ ಬಾಂಬಿನ ನೆನಪಿದೆ. ೧೭ರ ಶಾಲಾ ಹುಡುಗಿ ನೈವ್ಸ್ ಚಾವ್ ಅವನನ್ನು ಮುಗ್ಧವಾಗಿ ಪ್ರೀತಿಸುತ್ತಾಳೆ. ಅಷ್ಟರಲ್ಲಿ ಅವನು ಕನಸಿನಲ್ಲಿ ಒಬ್ಬ ಹೆಣ್ಣನ್ನು ಕಾಣುತ್ತಾನೆ. ಮರುದಿನ ಆಕೆ ನಿಜವಾಗಿಯೇ ಎದುರಾಗುತ್ತಾಳೆ. ಆಕೆ ರಮೋನಾ ಫ್ಲವರ್ಸ್, ಮನೆಮನೆಗೆ ಪಾರ್ಸೆಲ್ ತಲುಪಿಸುವವಳು. ಸ್ಕಾಟನ ಮನಸ್ಸು ಅವಳತ್ತ ಹರಿಯುತ್ತದೆ. ನೈವ್ಸ್‌ಳಿಗೆ ಆ ಸಂಗತಿಯನ್ನು ಹೇಳದೆ ಇಬ್ಬರೊಡನೆಯೂ ಕೆಲಕಾಲ ಓಡಾಡುತ್ತಾನೆ. ರಮೋನಾಳ ಜೊತೆಗಿರಬೇಕಾದರೆ ಅವಳ ಏಳು ಮಂದಿ ಮಾಜಿ ಪ್ರೇಮಿಗಳನ್ನು ಕಾದಾಡಿ ಸೋಲಿಸಬೇಕೆಂಬ ಷರತ್ತು ಎದುರಾಗುತ್ತದೆ. ಮಿಕ್ಕದ್ದೆಲ್ಲ ಆ ಕಾಳಗಗಳ ಸಾಲು.

ಜನಪದ ಕಥೆಗಳ ಅಭ್ಯಾಸಿಗೆ ಇಷ್ಟರಲ್ಲೇ ಹಲವು ಆಶಯಗಳು ಹೊಳೆಯುತ್ತವೆ. ಕನಸಿನಲ್ಲಿ ಕಂಡ ಕನ್ಯೆ, ಮದುವೆಗೆ ಒಡ್ಡಿದ ಕಠಿಣ ಪಣ, ಏಳರ ಸಂಖ್ಯೆ, ನೆರವಿಗೆ ಬರುವ ಗೆಳೆಯ. ರಷ್ಯದ ವ್ಲಾದಿಮಿರ್ ಪ್ರಾಪ್ ೧೯೨೮ರಲ್ಲಿ ಗುರುತಿಸಿದ ೩೧ ಕಥಾಕಾರ್ಯಗಳ ಪಟ್ಟಿಯನ್ನು ತೆರೆದು ಈ ಚಿತ್ರದ ದೃಶ್ಯಗಳನ್ನು ಅದರಲ್ಲಿ ತುಂಬಿಸುವುದು ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ. ಅದರಿಂದ ಸಿದ್ಧವಾಗುವುದು ಕಡಿಮೆ. ಇಂಥ ಪಟ್ಟಿಗಳನ್ನು ಮುಂದಿಟ್ಟು ‘ಎಲ್ಲವೂ ನಮ್ಮ ಹಿರಿಯರಲ್ಲಿ ಮೊದಲೇ ಇತ್ತು’ ಎಂದು ಸಮಾಧಾನಪಡುವ ಪ್ರವೃತ್ತಿ ಕನ್ನಡ ಜಾನಪದ ಬರವಣಿಗೆಗೆ ಹೊಸದಲ್ಲ. ಹೋಲಿಕೆಯು ವಿಚಾರಕ್ಕೆ ಬಾಗಿಲನ್ನು ತೆರೆಯಬೇಕು. ಅನೇಕ ವೇಳೆ ಅದು ಬಾಗಿಲನ್ನು ಮುಚ್ಚುತ್ತದೆ. ಈ ಚಿತ್ರದ ಮಟ್ಟಿಗೆ ಆಶಯಗಳ ಪಟ್ಟಿಗಿಂತ ಪ್ರದರ್ಶನದ ಕ್ರಮವನ್ನು ನೋಡುವುದು ಹೆಚ್ಚು ಫಲಕಾರಿ.

ಒಡ್ಡೋಲಗದ ಕ್ರಮ

ಚಿತ್ರದ ಆರಂಭದಲ್ಲಿಯೇ ಯೂನಿವರ್ಸಲ್ ಸಂಸ್ಥೆಯ ಲಾಂಛನ ಹಳೆಯ ಆಟಗಳ ದಪ್ಪ ಚೌಕುಳಿಗಳಲ್ಲಿ, ಯಂತ್ರದ ಪೀಪಿಯಂಥ ನಾದದೊಡನೆ ಮೂಡುತ್ತದೆ. ಪಾತ್ರಗಳು ಬಂದಾಗ ಹೆಸರು, ವಯಸ್ಸು ಮೊದಲಾದ ವಿವರಗಳು ಪಕ್ಕದಲ್ಲಿ ಬರೆಹವಾಗಿ ಕಾಣಿಸುತ್ತವೆ. ದೂರವಾಣಿಯ ಸದ್ದು ಅಕ್ಷರವಾಗಿ ಗಾಳಿಯಲ್ಲಿ ತೇಲುತ್ತದೆ. ನಾಯಕ ಶೌಚಕ್ಕೆ ಹೋದರೂ ಅವನ ತಲೆಯ ಪಕ್ಕದಲ್ಲಿ ಆಟದ ಶಕ್ತಿಸೂಚಕದಂಥ ಪಟ್ಟಿಯೊಂದು ತುಂಬಿದ್ದು ಬರಿದಾಗುತ್ತದೆ. ಹೊಡೆತ ಬಿದ್ದಾಗ ಅಂಕಗಳು ಏರುತ್ತವೆ. ಸೋತ ವೈರಿಯ ದೇಹ ಸಿಡಿದು ನಾಣ್ಯಗಳಾಗಿ ನೆಲಕ್ಕೆ ಉದುರುತ್ತದೆ. ವಿಶೇಷವೆಂದರೆ ಇವನ್ನು ಕಂಡು ಚಿತ್ರದೊಳಗಿನ ಯಾರೂ ಬೆರಗಾಗುವುದಿಲ್ಲ. ಟೊರಾಂಟೊದ ಹಿಮ ಬಿದ್ದ ಬೀದಿ, ಬಾಡಿಗೆ ಕೋಣೆ, ಸಂಗೀತದ ಕ್ಲಬ್ಬು, ಎಲ್ಲವೂ ನಿತ್ಯದಂತೆಯೇ ಇವೆ. ಅದರ ನಡುವೆ ಈ ಶೈಲೀಕೃತ ಲೋಕ ಸಹಜವೆಂಬಂತೆ ನಡೆಯುತ್ತದೆ.

ಪಾಶ್ಚಾತ್ಯ ಪ್ರೇಕ್ಷಕ ಇದನ್ನು ಆಟಗಳ ಪ್ರಭಾವವೆಂದು ಕೂಡಲೇ ಗುರುತಿಸುತ್ತಾನೆ. ಯಕ್ಷಗಾನದ ಪ್ರೇಕ್ಷಕನಿಗೆ ಮೊದಲು ಕಾಣುವುದು ಬೇರೆ. ರಂಗಸ್ಥಳದಲ್ಲಿ ಪಾತ್ರವು ಬಂದೊಡನೆ ಕಥೆ ಮುಂದುವರಿಯುವುದಿಲ್ಲ. ತೆರೆಯ ಹಿಂದಿನ ಕುಣಿತ, ತೆರೆ ಸರಿದ ಮೇಲಿನ ಒಡ್ಡೋಲಗ, ಭಾಗವತನೊಡನೆ ಮಾತಿನ ವಿನಿಮಯ, ತಾನು ಯಾರು, ಯಾವ ಊರಿನವನು, ಏತಕ್ಕೆ ಬಂದೆನೆಂಬ ಪೀಠಿಕೆ, ಇಷ್ಟಾದ ಮೇಲೆಯೇ ಪಾತ್ರಕ್ಕೆ ಕಥೆಯೊಳಗೆ ಪ್ರವೇಶ. ರಮೋನಾಳ ಮಾಜಿ ಪ್ರೇಮಿಗಳು ಒಬ್ಬೊಬ್ಬರಾಗಿ ಬರುವುದೂ ಹೀಗೆಯೇ. ಪ್ರತಿಯೊಬ್ಬನಿಗೂ ತನ್ನದೇ ವೇಷ, ತನ್ನದೇ ಸಂಗೀತ, ತನ್ನದೇ ಸ್ವಪರಿಚಯ, ತನ್ನದೇ ಯುದ್ಧಕ್ರಮ. ಮೊದಲನೆಯವನಾದ ಮ್ಯಾಥ್ಯೂ ಪಟೇಲ್ ಕ್ಲಬ್ಬಿನ ಮಾಳಿಗೆಯನ್ನು ಸೀಳಿಕೊಂಡು ಬರುವ ರೀತಿಯನ್ನು ನೋಡಿದವರಿಗೆ, ‘ದೇವಿಮಹಾತ್ಮೆ’ಯಲ್ಲಿ ದೊಂದಿಯ ಬೆಳಕಿನ ನಡುವೆ ಪ್ರೇಕ್ಷಕರ ಮಧ್ಯದಿಂದಲೇ ಅಬ್ಬರಿಸಿ ಬರುವ ಮಹಿಷಾಸುರ ನೆನಪಾಗದೆ ಇರುವುದು ಕಷ್ಟ.

ಈ ಪಟೇಲ್ ಪಾತ್ರವನ್ನು ಕುರಿತು ಎರಡು ಮಾತು ಹೇಳಬೇಕು. ಅವನು ಭಾರತೀಯ ಮೂಲದವನು. ಕಾಳಗದ ನಡುವೆ ಹಿಂದಿ ಸಿನಿಮಾದ ಧಾಟಿಯಲ್ಲಿ ಹಾಡಿ ಕುಣಿಯುತ್ತಾನೆ, ಜೊತೆಗೆ ರಕ್ಕಸಿಯರಂಥ ನರ್ತಕಿಯರು ಗಾಳಿಯಲ್ಲಿ ತೇಲಿಬರುತ್ತಾರೆ. ಸ್ಕಾಟ್ ಮತ್ತು ಅವನ ಗೆಳೆಯರು ಕಕ್ಕಾಬಿಕ್ಕಿಯಾಗುತ್ತಾರೆ. ಅಲ್ಲಿನ ಪ್ರೇಕ್ಷಕನ ನಗೆ ಹುಟ್ಟುವುದು ಜಗಳದ ಮಧ್ಯೆ ಹಾಡು ಬಂದಿತಲ್ಲ ಎಂಬ ಅಸಂಗತತೆಯಿಂದ. ಏರುಪದಕ್ಕೆ ಹೆಜ್ಜೆ ಹಾಕದೆ ಯುದ್ಧವೇ ನಡೆಯದ ಪರಂಪರೆಯಿಂದ ಬಂದವನಿಗೆ ಇದರಲ್ಲಿ ಅಸಂಗತವಾದದ್ದು ಏನೂ ಇಲ್ಲ. ಒಟ್ಟು ಚಿತ್ರದಲ್ಲಿ ತನ್ನ ರೂಪದ ನಿಯಮವನ್ನು ಸರಿಯಾಗಿ ತಿಳಿದ ಪಾತ್ರವೆಂದರೆ ಇವನೊಬ್ಬನೇ ಎನ್ನಬಹುದು. ಹಾಗಿದ್ದೂ ಭಾರತೀಯ ಶೈಲೀಕರಣವನ್ನು ವಿಚಿತ್ರವಸ್ತುವಿನಂತೆ ತೋರಿಸಿ, ತನ್ನ ಶೈಲೀಕರಣವನ್ನು ಮಾತ್ರ ಚತುರವೆಂದು ಮಂಡಿಸುವ ಅಸಮಾನತೆ ಚಿತ್ರದಲ್ಲಿದೆ. ಅದನ್ನು ಮುಚ್ಚಿಡಬೇಕಾಗಿಲ್ಲ.

ಅನಂತರದ ಕಾಳಗಗಳಲ್ಲಿ ಪರಿಚಿತ ತಂತ್ರಗಳು ಇನ್ನೂ ಸ್ಪಷ್ಟವಾಗುತ್ತವೆ. ಎರಡನೆಯವನಾದ ಲೂಕಸ್ ಲೀ ಸಾಹಸಚಿತ್ರಗಳ ತಾರೆ. ಬಲದಿಂದ ಅವನನ್ನು ಗೆಲ್ಲಲಾಗದೆ ಸ್ಕಾಟ್ ಅವನ ಹಮ್ಮನ್ನು ಕೆಣಕಿ, ಸ್ಕೇಟ್‌ಬೋರ್ಡಿನ ಮೇಲೆ ಉದ್ದನೆಯ ಮೆಟ್ಟಿಲಸಾಲಿನ ಕಂಬಿಯನ್ನು ಇಳಿಯುವಂತೆ ಮಾಡುತ್ತಾನೆ. ಅವನು ತನ್ನ ವೇಗದಿಂದಲೇ ನಾಶವಾಗುತ್ತಾನೆ. ಮೂರನೆಯವನಾದ ಟಾಡ್ ಇಂಗ್ರಮ್‌ನ ಪ್ರಕರಣ ಅತ್ಯಂತ ರೋಚಕ. ಅವನು ಹಾಲು, ಮೊಟ್ಟೆಗಳನ್ನೂ ಮುಟ್ಟದ, ವೀಗನ್ ಎಂದು ಕರೆಸಿಕೊಳ್ಳುವ ಕಟ್ಟಾ ಸಸ್ಯಾಹಾರಿ. ಆ ಆಹಾರನಿಯಮದಿಂದಲೇ ಅವನಿಗೆ ಮನಸ್ಸಿನಿಂದ ವಸ್ತುಗಳನ್ನು ಚಲಿಸುವ ಶಕ್ತಿ ಬಂದಿದೆ. ಕೆನೆಹಾಲು ಬೆರೆತ ಕಾಫಿಯನ್ನು ಸ್ಕಾಟ್ ಉಪಾಯದಿಂದ ಅವನಿಗೆ ಕುಡಿಸುತ್ತಾನೆ. ಕೂಡಲೇ ‘ಸಸ್ಯಾಹಾರದ ಪೊಲೀಸರು’ ಪ್ರತ್ಯಕ್ಷರಾಗಿ, ಹಿಂದಿನ ತಪ್ಪುಗಳನ್ನೂ ಲೆಕ್ಕಹಾಕಿ, ಅವನ ಶಕ್ತಿಯನ್ನು ಕಿತ್ತುಕೊಳ್ಳುತ್ತಾರೆ. ವ್ರತದಿಂದ ಬಲ, ವ್ರತಭಂಗದಿಂದ ಬಲನಾಶ, ವೈರಿಯ ವ್ರತವನ್ನು ಕೆಡಿಸಲು ಉಪಾಯ: ಪುರಾಣ ಪ್ರಸಂಗಗಳ ಈ ಬೆನ್ನೆಲುಬನ್ನು ವಿವರಿಸಿ ಹೇಳುವ ಅಗತ್ಯ ಕನ್ನಡ ಓದುಗನಿಗಿಲ್ಲ. ನಾಲ್ಕನೆಯವಳಾದ ರಾಕ್ಸಿಯೊಡನೆ ಕಾದುವಾಗ, ಮಂಡಿಯ ಹಿಂಬದಿಯೇ ಅವಳ ಮರ್ಮಸ್ಥಾನವೆಂದು ರಮೋನಾ ಸ್ಕಾಟನಿಗೆ ಸೂಚಿಸುತ್ತಾಳೆ. ಗದಾಯುದ್ಧದಲ್ಲಿ ತೊಡೆಯ ಗುಟ್ಟು ಭೀಮನಿಗೆ ತಿಳಿಯುವ ಸಂದರ್ಭವನ್ನು ಬಲ್ಲವರು ನಕ್ಕು ಮುಂದೆ ಹೋಗುತ್ತಾರೆ. ಐದು ಮತ್ತು ಆರನೆಯವರು ಅವಳಿಗಳು. ಏಳು ವೈರಿಗಳಿದ್ದರೂ ಕಾಳಗಗಳು ಆರೇ ಆಗುವುದು ಇದರಿಂದ. ಒಂದು ದೃಶ್ಯದಲ್ಲಿ ಇಬ್ಬರು ಮಾತ್ರ ಎದುರಾಗಬೇಕೆಂಬ, ಡೆನ್ಮಾರ್ಕಿನ ಆಕ್ಸೆಲ್ ಓಲ್ರಿಕ್ ೧೯೦೯ರಲ್ಲಿ ನಿರೂಪಿಸಿದ ಕಥನನಿಯಮಕ್ಕೂ ಇದರಿಂದ ಭಂಗವಿಲ್ಲ; ಅವಳಿಗಳು ಇಲ್ಲಿ ಒಬ್ಬರಂತೆ ವರ್ತಿಸುತ್ತಾರೆ.

ನಾಯಕನಟ ಮೈಕೇಲ್ ಸೆರಾ ಅವರ ಆಯ್ಕೆಯಲ್ಲಿ ಚಿತ್ರದ ಹಾಸ್ಯದ ಗುಟ್ಟಿದೆ. ಸಣಕಲು ಮೈ, ಹಿಂಜರಿಯುವ ದನಿ, ತನ್ನ ಮಾತಿಗೆ ತಾನೇ ತಡವರಿಸುವ ಸ್ವಭಾವ. ಅಂಥವನು ಕಾಳಗ ಬಂದೊಡನೆ ಅಭಿಮನ್ಯುವಿನಂತೆ ಗಿರಕಿ ಹೊಡೆಯುತ್ತಾನೆ. ಮುಗಿದೊಡನೆ ಮತ್ತೆ ಪೆದ್ದನಾಗುತ್ತಾನೆ. ಯಕ್ಷಗಾನದಲ್ಲಿ ಪುಂಡುವೇಷವೂ ಹಾಸ್ಯವೂ ಬೇರೆಬೇರೆ ಕಲಾವಿದರಿಗೆ ಮೀಸಲಾದ ವಿಭಾಗಗಳು. ದೂತನಾಗಿಯೋ ಚಾರಕನಾಗಿಯೋ ಬರುವ ಹಾಸ್ಯಗಾರ ವೀರನ ಪಕ್ಕದಲ್ಲಿ ನಿಂತು ವೀರತ್ವವನ್ನು ಅಳೆಯುತ್ತಾನೆ. ರೈಟ್ ಇವೆರಡನ್ನೂ ಒಂದೇ ದೇಹದಲ್ಲಿ ಇಟ್ಟಿದ್ದಾರೆ. ಪುಂಡುವೇಷದ ಕಾಲು, ಹಾಸ್ಯಗಾರನ ನಾಲಗೆ. ಇದರಿಂದಾಗಿ ವೀರನನ್ನು ಪರೀಕ್ಷಿಸಲು ಹೊರಗಿನ ಸಾಕ್ಷಿ ಬೇಕಾಗುವುದಿಲ್ಲ. ಆದರೆ ಅದೇ ಕಾರಣದಿಂದ ಅವನ ತಪ್ಪುಗಳನ್ನೆಲ್ಲ ಪೆದ್ದುತನವೆಂದು ಕ್ಷಮಿಸಿಬಿಡುವ ಅಪಾಯವೂ ಹುಟ್ಟುತ್ತದೆ. ನೈವ್ಸ್‌ಳಿಗೆ ಅವನು ಮಾಡಿದ್ದು ವಂಚನೆ. ಚಿತ್ರದ ಮೊದಲ ಮುಕ್ಕಾಲು ಭಾಗ ಅದನ್ನು ತುಂಟತನವೆಂಬಂತೆ ದಾಟಿಸುತ್ತದೆ.

ನಾಣ್ಯ ಮತ್ತು ಎರಡನೆಯ ಪ್ರಾಣ

ಹೋಲಿಕೆ ಇಲ್ಲಿಯವರೆಗೆ ಸಲೀಸಾಗಿ ನಡೆಯಿತು. ಇನ್ನು ಮುಂದೆ ಅದು ತಡೆಯುತ್ತದೆ.

ಪ್ರಸಂಗದಲ್ಲಿ ಸತ್ತ ದೈತ್ಯನಿಗೆ ಹಿಂದಿನ ಕಥೆಯಿದೆ, ಮುಂದಿನ ಗತಿಯಿದೆ. ಅವನು ಶಾಪಗ್ರಸ್ತನೋ ವರಬಲದಿಂದ ಮದಿಸಿದವನೋ ಆಗಿರುತ್ತಾನೆ. ಸಾಯುವ ಮುನ್ನ ಅರ್ಥ ಹೇಳುತ್ತಾನೆ. ಅವನ ಸಾವಿಗೆ ಮೋಕ್ಷವೆಂಬ ಹೆಸರೂ ಇರಬಹುದು. ಅವನ ತಾಯಿಯೋ ಹೆಂಡತಿಯೋ ಅಳುತ್ತಾಳೆ, ತಮ್ಮ ಸೇಡಿಗೆ ಬರುತ್ತಾನೆ. ಬಣ್ಣದ ವೇಷಕ್ಕೆ ಜನ ಗೌರವ ಕೊಡುವುದು ಇದರಿಂದ. ಆಟದ ವೈರಿಗೆ ಇಂಥ ಬಾಧ್ಯತೆಗಳಿಲ್ಲ. ಸೋತವನು ಅಳಿಸಿಹೋಗುತ್ತಾನೆ, ಆಟಗಾರನ ಖಾತೆಗೆ ಅಂಕ ಸೇರುತ್ತದೆ. ಸ್ಕಾಟನ ವೈರಿಗಳು ನಾಣ್ಯವಾಗುವ ದೃಶ್ಯಗಳು ನಗೆ ತರಿಸುವುದು ನಿಜ. ಹೆಣವೂ ಇಲ್ಲ, ರಕ್ತವೂ ಇಲ್ಲ, ಶೋಕವೂ ಇಲ್ಲ ಎಂಬ ಬಿಡುಗಡೆಯಿಂದ ಆ ನಗೆ ಬರುತ್ತದೆ. ಆದರೆ ಆ ಏಳು ಮಂದಿ ರಮೋನಾಳ ಬದುಕಿನ ಏಳು ಕಾಲಘಟ್ಟಗಳೂ ಹೌದು. ಅವರನ್ನು ಚಿಲ್ಲರೆಯಾಗಿಸಿದಾಗ ಆಕೆಯ ಗತವೇ ಚಿಲ್ಲರೆಯಾಗುತ್ತದೆ. ಸ್ಕಾಟ್ ಪದೇಪದೇ ‘ಮಾಜಿ ಗೆಳೆಯರು’ ಎಂದಾಗ ರಮೋನಾ ಬರಿದೆ ‘ಮಾಜಿಗಳು’ ಎಂದು ತಿದ್ದುತ್ತಾಳೆ. ಅವರಲ್ಲಿ ಒಬ್ಬಳು ಹೆಣ್ಣೆಂಬುದು ರಾಕ್ಸಿ ಎದುರಿಗೆ ಬಂದ ಮೇಲೆಯೇ ಅವನಿಗೆ ಹೊಳೆಯುವುದು. ಚಿತ್ರವು ಅವಳ ಇತಿಹಾಸಕ್ಕೆ ಕಿವಿಗೊಡುವ ಕೆಲವೇ ಕ್ಷಣಗಳಲ್ಲಿ ಇದೊಂದು.

ಚಿತ್ರ ತನ್ನ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ಅರಿತಿದೆಯೆಂಬುದಕ್ಕೆ ಸಾಕ್ಷಿ ‘ಎರಡನೆಯ ಪ್ರಾಣ’ದ ಪ್ರಸಂಗ. ಅವಳಿಗಳನ್ನು ಸೋಲಿಸಿದಾಗ ಸ್ಕಾಟನಿಗೆ ಆಟಗಳಲ್ಲಿ ಸಿಗುವಂತೆ ಹೆಚ್ಚುವರಿ ಜೀವವೊಂದು ಸಿಗುತ್ತದೆ. ಏಳನೆಯವನಾದ ಗಿಡಿಯಾನ್ ಗ್ರೇವ್ಸ್‌ನ ರಂಗಮಂದಿರಕ್ಕೆ ಮೊದಲ ಸಲ ನುಗ್ಗಿದಾಗ ಸ್ಕಾಟ್ ತಾನು ರಮೋನಾಳ ಪ್ರೀತಿಗಾಗಿ ಹೋರಾಡುತ್ತಿರುವೆನೆಂದು ಘೋಷಿಸುತ್ತಾನೆ. ‘ಪ್ರೀತಿಯ ಶಕ್ತಿ’ ಎಂಬ ಬರೆಹದೊಡನೆ ಎದೆಯಿಂದ ಕತ್ತಿಯೊಂದು ಹೊರಬರುತ್ತದೆ. ಅಷ್ಟರಲ್ಲಿ ನೈವ್ಸ್ ಬರುತ್ತಾಳೆ, ಇಬ್ಬರನ್ನೂ ವಂಚಿಸಿದ ಸಂಗತಿ ಬಯಲಾಗುತ್ತದೆ, ಗಿಡಿಯಾನ್ ಅವನನ್ನು ಇರಿದು ಕೊಲ್ಲುತ್ತಾನೆ. ಹೆಚ್ಚುವರಿ ಜೀವವನ್ನು ಬಳಸಿ ಸ್ಕಾಟ್ ಮರಳುತ್ತಾನೆ. ಅದೇ ದೃಶ್ಯ ಎರಡನೆಯ ಸಲ, ಹೆಚ್ಚು ಬೇಗ, ನಡೆಯುತ್ತದೆ. ಈ ಸಲ ಅವನು ವಾದ್ಯವೃಂದದ ಗೆಳೆಯರ, ಹಿಂದೊಮ್ಮೆ ತನ್ನನ್ನು ಪ್ರೀತಿಸಿದ್ದ ಕಿಮ್‌ಳ ಕ್ಷಮೆ ಕೇಳುತ್ತಾನೆ. ತನಗಾಗಿಯೇ ಹೋರಾಡುತ್ತಿರುವೆನೆಂದು ಗಿಡಿಯಾನ್‌ನಿಗೆ ಹೇಳುತ್ತಾನೆ. ‘ಆತ್ಮಗೌರವದ ಶಕ್ತಿ’ ಎಂಬ ಬೇರೊಂದು ಕತ್ತಿ, ಹೆಚ್ಚಿನ ಅಂಕಗಳೊಡನೆ, ಕೈಗೆ ಬರುತ್ತದೆ. ಬಳಿಕ ಇಬ್ಬರು ಹೆಣ್ಣುಗಳೆದುರಿಗೂ ತಪ್ಪೊಪ್ಪಿಕೊಳ್ಳುತ್ತಾನೆ.

ಇಲ್ಲಿ ಚಿತ್ರ ಸಾಧಿಸಿರುವುದನ್ನು ಸರಿಯಾಗಿ ಗುರುತಿಸಬೇಕು. ಮೌಖಿಕ ಕಥನದಲ್ಲಿ ಪುನರಾವೃತ್ತಿ ಇರುವುದು ಕೇಳುಗನ ಸುಖಕ್ಕಾಗಿ, ಹೇಳುವವನ ಅನುಕೂಲಕ್ಕಾಗಿ. ಮೊದಲ ಇಬ್ಬರು ಅಣ್ಣಂದಿರು ಸೋತ ದಾರಿಯಲ್ಲೇ ಕಿರಿಯವನು ಗೆಲ್ಲುತ್ತಾನೆ. ಅವರು ಸೋತದ್ದನ್ನು ಕೇಳುಗ ಬಲ್ಲ, ಕಿರಿಯವನಿಗೆ ಅದು ಪಾಠವಾಗಿರಲೇಬೇಕೆಂದಿಲ್ಲ. ಆಟದಲ್ಲಿ ಮಾತ್ರ ಸೋತವನೇ ಮರಳಿ ಬರುತ್ತಾನೆ, ಸೋಲಿನ ನೆನಪನ್ನು ಹೊತ್ತು ಬರುತ್ತಾನೆ. ರಕ್ತಬೀಜಾಸುರನ ಒಂದೊಂದು ರಕ್ತಬಿಂದುವಿನಿಂದಲೂ ಮತ್ತೊಬ್ಬ ಅಸುರ ಹುಟ್ಟುತ್ತಾನಾದರೂ ಹುಟ್ಟಿದವನು ಹಿಂದಿನವನಿಗಿಂತ ಬುದ್ಧಿವಂತನಾಗಿರುವುದಿಲ್ಲ. ಸೋತವನೇ ಕಲಿತು ಮರಳುವ ಈ ಗುಣ ಆಟವೆಂಬ ಮಾಧ್ಯಮದ ಸ್ವಂತ ಕೊಡುಗೆ; ರೈಟ್ ಅದನ್ನು ನೈತಿಕ ಪ್ರಶ್ನೆಯಾಗಿ ತಿರುಗಿಸಿದ್ದಾರೆ. ಮತ್ತೊಂದು ಅವಕಾಶ ದೊರೆತರೆ ಮನುಷ್ಯ ಹೆಚ್ಚು ಜೋರಾಗಿ ಹೊಡೆಯುವುದನ್ನು ಕಲಿಯುತ್ತಾನೆಯೇ, ಕ್ಷಮೆ ಕೇಳುವುದನ್ನು ಕಲಿಯುತ್ತಾನೆಯೇ? ಸ್ಕಾಟ್ ಎರಡನ್ನೂ ಕಲಿಯುತ್ತಾನೆ, ಆದರೆ ಕ್ರಮ ಅದಲುಬದಲಾಗುತ್ತದೆ. ನಮ್ಮ ಪರಮಪದ ಸೋಪಾನದ ಪಟದಲ್ಲಿ ಏಣಿಗೆ ಸದ್ಗುಣದ ಹೆಸರಿದೆ, ಹಾವಿಗೆ ದುರ್ಗುಣದ ಹೆಸರಿದೆ; ಆದರೆ ಏರುವುದೂ ಇಳಿಯುವುದೂ ಕವಡೆಯ ಕೈಯಲ್ಲಿದೆ. ಇಲ್ಲಿ ಕವಡೆಯ ಮರೆ ಇಲ್ಲ. ಎಲ್ಲವೂ ಮುಗಿದ ಮೇಲೆ ಸ್ಕಾಟನ ಕರಾಳ ಪ್ರತಿರೂಪವೊಂದು ಕಾಳಗಕ್ಕೆ ಬಂದು ನಿಲ್ಲುತ್ತದೆ. ಪ್ರೇಕ್ಷಕ ದೊಡ್ಡ ಯುದ್ಧವನ್ನು ನಿರೀಕ್ಷಿಸುತ್ತಿರುವಾಗಲೇ ಇಬ್ಬರೂ ಹರಟೆ ಹೊಡೆಯುತ್ತ ಹೊರಬರುತ್ತಾರೆ. ಚಿತ್ರದ ಅತ್ಯುತ್ತಮ ಹಾಸ್ಯಪ್ರಸಂಗವೂ ಅತ್ಯಂತ ವಿವೇಕದ ಪ್ರಸಂಗವೂ ಇದೇ.

ಆದರೆ ಕಿಮ್‌ಳ ಕ್ಷಮೆ ಕೇಳುವುದಕ್ಕೆ ದೊರೆತ ಕಾಲ ಕೆಲವೇ ಕ್ಷಣ ಎಂಬುದನ್ನೂ ಮರೆಯುವಂತಿಲ್ಲ. ಪಶ್ಚಾತ್ತಾಪ ಕೂಡ ಮುಂದಿನ ಹಂತಕ್ಕೆ ಹೋಗಲು ಒತ್ತಬೇಕಾದ ಗುಂಡಿಯಂತೆ ತೋರುತ್ತದೆ.

ಪಣವಾದ ಹೆಣ್ಣು, ಪಣವೊಡ್ಡಿದ ಹೆಣ್ಣು

ಕಾಳಗಗಳ ಸಾಲಿಗೆ ಸಮಾನವಾದ ರಚನೆಯೊಂದನ್ನು ಯಕ್ಷಗಾನದಲ್ಲಿ ಹುಡುಕುವುದಾದರೆ ‘ದೇವಿಮಹಾತ್ಮೆ’ಗಿಂತ ಸಮರ್ಪಕವಾದುದು ಇಲ್ಲ. ಕಟೀಲು ಮೇಳದ ಹರಕೆಯಾಟಗಳಲ್ಲಿ ಇಂದಿಗೂ ಅತಿಹೆಚ್ಚು ಬೇಡಿಕೆಯಿರುವ ಈ ಪ್ರಸಂಗದ ಉತ್ತರಭಾಗದಲ್ಲಿ ಶುಂಭನು ದೇವಿಯ ರೂಪದ ವರ್ಣನೆಯನ್ನು ಚಂಡಮುಂಡರಿಂದ ಕೇಳಿ, ತನ್ನನ್ನು ವರಿಸುವಂತೆ ದೂತನ ಮೂಲಕ ಹೇಳಿಕಳುಹಿಸುತ್ತಾನೆ. ಯುದ್ಧದಲ್ಲಿ ತನ್ನನ್ನು ಗೆದ್ದವನನ್ನೇ ವರಿಸುವುದಾಗಿ ತಾನು ಪಣ ತೊಟ್ಟಿರುವೆನೆಂದು ದೇವಿ ಉತ್ತರ ಕೊಡುತ್ತಾಳೆ. ಧೂಮ್ರಲೋಚನ, ಚಂಡಮುಂಡರು, ರಕ್ತಬೀಜ, ನಿಶುಂಭ, ಕೊನೆಗೆ ಶುಂಭ, ಒಬ್ಬರ ಹಿಂದೊಬ್ಬರು ಬರುತ್ತಾರೆ, ಬೀಳುತ್ತಾರೆ. ಒಬ್ಬೊಬ್ಬನದೂ ಬೇರೆ ವೇಷ, ಬೇರೆ ಬಲ, ಬೇರೆ ಸಾವು. ವೈರಿಯ ಬಲ ಹೆಜ್ಜೆಹೆಜ್ಜೆಗೂ ಏರುತ್ತದೆ. ಮೊಬೈಲು ಹಿಡಿದ ಹುಡುಗನಿಗೆ ಇದನ್ನು ‘ಲೆವೆಲ್’ ಎಂದು ವಿವರಿಸಿದರೆ ಅವನು ತಟ್ಟನೆ ಒಪ್ಪಿಯಾನು.

ರಚನೆ ಒಂದೇ; ಕತ್ತಿ ಹಿಡಿದ ಕೈ ಬೇರೆ. ದೇವಿಯನ್ನು ಬಯಸಿದವರು ದೇವಿಯೊಡನೆಯೇ ಕಾದಬೇಕು. ರಮೋನಾಳನ್ನು ಬಯಸಿದವನು ಅವಳನ್ನು ಬಯಸಿದ್ದ ಇತರರೊಡನೆ ಕಾದುತ್ತಾನೆ. ಆಕೆ ನಡುವೆ ಒಮ್ಮೆ ದೊಡ್ಡ ಸುತ್ತಿಗೆ ಹಿಡಿದು ರಾಕ್ಸಿಯನ್ನು ಎದುರಿಸುವುದುಂಟು. ಆದರೆ ಪಣ ಅವಳದಲ್ಲ, ಆ ವೈರಿಕೂಟವನ್ನು ಕಟ್ಟಿದವನು ಗಿಡಿಯಾನ್. ಕಥೆಯ ಕೊನೆಯ ಭಾಗದಲ್ಲಿ ಅವಳು ಸ್ಕಾಟನನ್ನು ಬಿಟ್ಟು ಗಿಡಿಯಾನ್‌ನ ಬಳಿಗೆ ಮರಳುತ್ತಾಳೆ. ಈ ನಿರ್ಧಾರಕ್ಕೆ ಚಿತ್ರ ಕೊಡುವ ಕಾರಣ, ಅವಳ ಕತ್ತಿನ ಹಿಂದೆ ಅವನು ಕೂರಿಸಿದ ನಿಯಂತ್ರಣದ ಚಿಪ್ಪು. ಹೆಣ್ಣೊಬ್ಬಳು ತನ್ನನ್ನು ನೋಯಿಸಿದವನ ಬಳಿಗೇ ಮರಳುವ ಕಷ್ಟದ ಸಂಗತಿಯನ್ನು, ಅದರೊಳಗಿನ ಅಭ್ಯಾಸ, ಭಯ, ಸೆಳೆತಗಳನ್ನು ವಿಚಾರಿಸುವ ಅವಕಾಶ ಇಲ್ಲಿತ್ತು. ಚಿತ್ರ ಅದನ್ನು ಯಂತ್ರದ ಬಿಲ್ಲೆಯೊಂದಕ್ಕೆ ಇಳಿಸಿ ಕೈತೊಳೆದುಕೊಂಡಿತು. ಶೈಲಿಯು ಭಾವವನ್ನು ಹೊರಗಾಣಿಸುವ ಬದಲು ಭಾವಕ್ಕೆ ಪರ್ಯಾಯವಾಗಿಬಿಟ್ಟ ಸಂದರ್ಭ ಇದು. ಇಡೀ ಚಿತ್ರದಲ್ಲಿ ಇದಕ್ಕಿಂತ ದುರ್ಬಲವಾದ ಜಾಗವಿಲ್ಲ.

ಎ.ಕೆ. ರಾಮಾನುಜನ್ ಅವರು ಕನ್ನಡದ ಮೌಖಿಕ ಕಥೆಗಳನ್ನು ವಿವೇಚಿಸುತ್ತ ಮಾಡಿದ ಭೇದವೊಂದು ಇಲ್ಲಿ ಸಹಾಯಕ್ಕೆ ಬರುತ್ತದೆ. ಗಂಡು ಕೇಂದ್ರವಾದ ಕಥೆ ಸಾಹಸಗಳನ್ನು ದಾಟಿ ಮದುವೆಯಲ್ಲಿ ಮುಗಿಯುತ್ತದೆ. ಹೆಣ್ಣು ಕೇಂದ್ರವಾದ ಕಥೆಗೆ ಅನೇಕ ವೇಳೆ ಮದುವೆಯೇ ಆರಂಭ, ಕಷ್ಟಗಳೂ ಹೋರಾಟವೂ ಅನಂತರದವು. ಅವರ ಮರಣೋತ್ತರವಾಗಿ ೧೯೯೭ರಲ್ಲಿ ಪ್ರಕಟವಾದ ಸಂಕಲನಕ್ಕೆ ಹೆಸರಾದ, ಹೂಮರವಾಗುವ ಹುಡುಗಿಯ ಕಥೆ ಇದಕ್ಕೆ ಪ್ರಸಿದ್ಧ ನಿದರ್ಶನ. ಕಾರ್ನಾಡರ ‘ಚೆಲುವಿ’ (೧೯೯೨) ಚಿತ್ರದ ಮೂಲಕವೂ ಅದು ಪರಿಚಿತ. ಈ ದೃಷ್ಟಿಯಿಂದ ನೋಡಿದರೆ ಸ್ಕಾಟನ ಕಥೆ ಅಪ್ಪಟ ಗಂಡುಕಥೆ. ರಮೋನಾಳ ಕಥೆ ಅದರ ಕೆಳಗೆ ಹೂತುಹೋಗಿದೆ. ಪ್ರತಿಯೊಬ್ಬ ಮಾಜಿ ಪ್ರೇಮಿ ಬಂದಾಗಲೂ ಅದರ ಒಂದು ಚೂರು ಮೇಲೇಳುತ್ತದೆ, ನಾಣ್ಯ ಉದುರಿದೊಡನೆ ಮತ್ತೆ ಮುಚ್ಚಿಕೊಳ್ಳುತ್ತದೆ.

ನಿರ್ಮಾಪಕರಿಗೂ ಮುಕ್ತಾಯದ ಬಗ್ಗೆ ನಿಶ್ಚಯವಿರಲಿಲ್ಲ. ಚಿತ್ರೀಕರಣದ ಕಾಲಕ್ಕೆ ಓಮ್ಯಾಲಿಯವರ ಆರನೆಯ ಸಂಪುಟ ಇನ್ನೂ ಪ್ರಕಟವಾಗಿರಲಿಲ್ಲ. ಸ್ಕಾಟ್ ನೈವ್ಸ್‌ಳೊಡನೆ ಉಳಿಯುವ ಮುಕ್ತಾಯವನ್ನು ಮೊದಲು ಚಿತ್ರೀಕರಿಸಿ, ಅನಂತರ ರಮೋನಾಳೊಡನೆ ಹೊರಡುವ ಈಗಿನ ಮುಕ್ತಾಯವನ್ನು ಅಳವಡಿಸಲಾಯಿತು. ಒಂದೇ ಕಥೆಗೆ ಹಲವು ಪಾಠಾಂತರಗಳಿರುವುದು ಜಾನಪದಕ್ಕೆ ಸಹಜ. ಆದರೆ ಯಾವ ಹುಡುಗಿ ದೊರೆತರೂ ಕಥೆ ನಿಲ್ಲುತ್ತದೆಂದರೆ ಅದರಲ್ಲಿ ಹುಡುಗಿಯ ಸ್ಥಾನವೇನೆಂದು ಕೇಳಲೇಬೇಕಾಗುತ್ತದೆ. ಈಗಿನ ಮುಕ್ತಾಯದಲ್ಲಿ ಸ್ಕಾಟನನ್ನು ರಮೋನಾಳ ಹಿಂದೆ ಕಳುಹಿಸುವವಳು ನೈವ್ಸ್. ಎಲೆನ್ ವಾಂಗ್ ಅವರ ಅಭಿನಯ ಆ ಕ್ಷಣಕ್ಕೆ ಬರೆಹದಲ್ಲಿಲ್ಲದ ಘನತೆಯನ್ನು ತಂದಿದೆ. ಗಿಡಿಯಾನ್‌ನ ವಿರುದ್ಧ ಸ್ಕಾಟನ ಪಕ್ಕದಲ್ಲಿ ನಿಂತು ಕಾದಿದವಳೂ ಅವಳೇ. ತೊರೆಯಲ್ಪಟ್ಟವಳು ಕಥೆಯ ನಿಜವಾದ ವೀರಳಾಗುವುದನ್ನು ಚಿತ್ರ ಅರ್ಧಮನಸ್ಸಿನಿಂದ ಒಪ್ಪುತ್ತದೆ.

ಕನ್ನಡದಲ್ಲಿ ಇಂಥ ಪ್ರಯತ್ನ ನಡೆದಿದೆಯೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಸಚಿನ್ ರವಿ ನಿರ್ದೇಶನದ ‘ಅವನೇ ಶ್ರೀಮನ್ನಾರಾಯಣ’ (೨೦೧೯) ಅಮರಾವತಿ ಎಂಬ ಕಲ್ಪಿತ ಊರು, ನಾಟಕದ ಮಂಡಳಿ, ನಿಧಿಯ ಒಗಟು ಇವುಗಳಿಂದ ಶೈಲೀಕೃತ ಹಾಸ್ಯಲೋಕವೊಂದನ್ನು ಕಟ್ಟಿತು. ಅದರ ಒಗಟು ಬಿಡಿಸುವ ನಡಿಗೆಯಲ್ಲಿ ಆಟದ ಗುಣವಿದ್ದರೂ ಆಟದ ನಿಯಮಗಳಿಂದ ಅದು ರೂಪುಗೊಂಡಿಲ್ಲ. ಅಶ್ವಿನ್ ಶರವಣನ್ ಅವರ ತಮಿಳು-ತೆಲುಗು ಚಿತ್ರ ‘ಗೇಮ್ ಓವರ್’ (೨೦೧೯) ಆಟದ ಮೂರು ಜೀವಗಳ ನಿಯಮವನ್ನು ಗಂಭೀರವಾಗಿಯೇ ಬಳಸಿತು. ಅಲ್ಲಿ ಆ ಜೀವಗಳು ದೊರೆಯುವುದು ಹೆಣ್ಣಿಗೆ. ಅದು ಭಯದ ಚಿತ್ರ, ಹಾಸ್ಯದ್ದಲ್ಲ. ರಂಗಸ್ಥಳದ ಶೈಲೀಕರಣವನ್ನು ಇಷ್ಟು ಬಲ್ಲ ನಾಡಿನ ಸಿನಿಮಾ ಅದನ್ನು ಹಾಡು, ಉಡುಪು, ಆಚರಣೆಗಳ ಮಟ್ಟದಲ್ಲೇ ಹೆಚ್ಚಾಗಿ ಬಳಸಿಕೊಂಡಿದೆ; ಒಡ್ಡೋಲಗವನ್ನು ಕಥನತಂತ್ರವಾಗಿ ಎತ್ತಿಕೊಂಡದ್ದು ಅಪರೂಪ.

ಸ್ಕಾಟನ ಕಥೆಗೆ ೨೦೨೩ರಲ್ಲಿ ಮತ್ತೊಂದು ಪಾಠ ಬಂದಿತು. ಓಮ್ಯಾಲಿ ಮತ್ತು ಬೆನ್‌ಡೇವಿಡ್ ಗ್ರಾಬಿನ್ಸ್ಕಿ ರೂಪಿಸಿದ, ಜಪಾನಿನ ಸೈನ್ಸ್ ಸಾರು ಸಂಸ್ಥೆ ತಯಾರಿಸಿದ ‘ಸ್ಕಾಟ್ ಪಿಲ್ಗ್ರಿಮ್ ಟೇಕ್ಸ್ ಆಫ್’ ಎಂಬ ಎಂಟು ಕಂತುಗಳ ಚಲಿಸುವ ಚಿತ್ರಮಾಲೆಗೆ ಹಳೆಯ ಚಿತ್ರದ ನಟರೇ ಧ್ವನಿ ಕೊಟ್ಟಿದ್ದಾರೆ. ಹಳೆಯ ಕಥೆಯೇ ಮರಳಿ ಬಂದಿತೆಂದು ನೋಡುತ್ತಿದ್ದವರಿಗೆ ಮೊದಲ ಕಂತಿನ ಕೊನೆಯಲ್ಲಿ ಆಘಾತ ಕಾದಿರುತ್ತದೆ. ಮ್ಯಾಥ್ಯೂ ಪಟೇಲನೊಡನೆ ನಡೆದ ಮೊದಲ ಕಾಳಗದಲ್ಲೇ ಸ್ಕಾಟ್ ಸೋಲುತ್ತಾನೆ. ಈ ಸಲ ನಾಣ್ಯವಾಗುವವನು ನಾಯಕ. ಅವನು ನಿಜವಾಗಿ ಸತ್ತಿಲ್ಲವೆಂದು ಅನುಮಾನಿಸಿ ಹುಡುಕಲು ಹೊರಡುವವಳು ರಮೋನಾ. ಅವನನ್ನು ಮಾಯಮಾಡಿದವನು ಭವಿಷ್ಯದಿಂದ ಬಂದ ಸ್ಕಾಟನೇ ಎಂಬುದು ಕೊನೆಗೆ ತಿಳಿಯುವ ಸಂಗತಿ. ಅಲ್ಲಿಯವರೆಗೆ ರಮೋನಾ ತನ್ನ ಮಾಜಿ ಪ್ರೇಮಿಗಳನ್ನು ಒಬ್ಬೊಬ್ಬರಾಗಿ ತಾನೇ ಕಾಣುತ್ತಾಳೆ. ರಾಕ್ಸಿಯೊಡನೆ ಅವಳ ಕಾಳಗ ನಡೆಯುವುದು ವಿಡಿಯೋ ಕ್ಯಾಸೆಟ್ಟಿನ ಅಂಗಡಿಯೊಂದರಲ್ಲಿ. ಇಬ್ಬರೂ ಒಂದು ಚಿತ್ರದಿಂದ ಇನ್ನೊಂದು ಚಿತ್ರದೊಳಕ್ಕೆ ಬೀಳುತ್ತ ಹೊಡೆದಾಡುತ್ತಾರೆ. ಕೊನೆಗೆ ರಮೋನಾ ಕೈತಡೆದು, ಹಿಂದೆ ಒಂದು ಮಾತೂ ಹೇಳದೆ ಬಿಟ್ಟುಹೋದದ್ದಕ್ಕೆ ಅವಳ ಕ್ಷಮೆ ಕೇಳುತ್ತಾಳೆ. ೨೦೧೦ರ ಚಿತ್ರದಲ್ಲಿ ಒಂದೇ ಬೆರಳಿನ ಸ್ಪರ್ಶಕ್ಕೆ ಅಳಿದುಹೋದ ರಾಕ್ಸಿಗೆ ಈ ಪಾಠದಲ್ಲಿ ಇಡೀ ಒಂದು ಕಂತು ದೊರೆತಿದೆ, ಅದರ ಅಂತ್ಯದಲ್ಲಿ ಯಾವ ನಾಣ್ಯವೂ ಉದುರುವುದಿಲ್ಲ.